ಸೆಮಿ ಸಿಂಥೆಟಿಕ್ ಕೂಲೆಂಟ್: ಎಣ್ಣೆ ಪಾಸು, ಕ್ಯಾನಿನ ಚೀಟಿ ಫೇಲು

ಕೂಲೆಂಟ್ ಅಂದರೆ ಲೋಹ ಕತ್ತರಿಸುವಾಗ ತಂಪಿಗೆ ನೀರಲ್ಲಿ ಬೆರೆಸಿ ಹರಿಸುವ ಎಣ್ಣೆ; ಸೆಮಿ ಸಿಂಥೆಟಿಕ್‌ನಲ್ಲಿ ಖನಿಜ ತೈಲ ಸ್ವಲ್ಪವೇ ಇರುತ್ತದೆ. ಲೇತ್, ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ಎರಡಕ್ಕೂ ಒಂದೇ ಕೂಲೆಂಟ್ ಸಾಕು ಅನ್ನುವ ಸಣ್ಣ ವರ್ಕ್‌ಶಾಪಿಗೆ ಈ ಎಣ್ಣೆ ಹೊಂದುತ್ತದೆ. ಎಂಎಸ್ (ಮೈಲ್ಡ್ ಸ್ಟೀಲ್), ಅಲಾಯ್ ಸ್ಟೀಲ್ ಫಿನಿಶ್ ಬಗ್ಗೆ ದೂರಿಲ್ಲ. ಸಿಟ್ಟು ಬರುವುದು ಕ್ಯಾನಿನ ಮೇಲಿನ ಚೀಟಿ ನೋಡಿದಾಗ. '5% ಬೆರೆಸಿ' ಅಂತಿದೆ, ಎಂಥ ನೀರಿಗೆ ಅಂತಿಲ್ಲ.

ಮೈಸೂರು, ಮಂಡ್ಯದ ಕೈಗಾರಿಕಾ ಪ್ರದೇಶಗಳಾದ ಹೆಬ್ಬಾಳ, ಹೂಟಗಳ್ಳಿ, ತೂಬಿನಕೆರೆ ಕಡೆ ಬೋರ್‌ವೆಲ್ ನೀರನ್ನೇ ಹಾಕುವವರು ಮೊದಲು ಕೇಳಬೇಕಾದ್ದು ಅದೇ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಮಲ್ಸಿಫೈಯರ್ (ಎಣ್ಣೆ, ನೀರನ್ನು ಬೆರೆತಿಡುವ ಅಂಶ) ಜೊತೆ ಸೇರಿ ಅಂಟು ಗಸಿಯಾಗುತ್ತದೆ. ಜಾಲರಿ ಕಟ್ಟಿಕೊಳ್ಳುತ್ತದೆ, ಎಣ್ಣೆ ಒಡೆದು ಮೇಲೆ ತೇಲುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಬೋರ್ ನೀರನ್ನೇ ಟಾಪ್‌ಅಪ್ ಮಾಡಿದರೆ ಗಡಸುತನ ಏರುತ್ತಲೇ ಹೋಗುತ್ತದೆ. ಟಿಡಿಎಸ್ ಪೆನ್ನು ನಂಬಬೇಡಿ, ಅದು ಕರಗಿದ ಒಟ್ಟು ಉಪ್ಪನ್ನು ಅಂದಾಜಿಸುತ್ತದೆ, ಗಡಸುತನ ಹೇಳುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ತನ್ನಿ.

ಪೂರಾ ಆರ್‌ಓ ನೀರು ಹಾಕೋಣ ಅಂದರೆ ನೊರೆ ಉಕ್ಕುತ್ತದೆ, ಹೈ ಪ್ರೆಶರ್ ಪಂಪ್ ಇದ್ದರಂತೂ ಹೇಳುವುದೇ ಬೇಡ. ಮೊದಲ ಭರ್ತಿಗೆ ಗಡಸುತನ 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಪಾಲು) ಆಸುಪಾಸು ಇದ್ದರೆ ಸರಿ. ಬೋರ್ ನೀರು 400 ಪಿಪಿಎಂ ಇದ್ದರೆ ಒಂದು ಪಾಲಿಗೆ ಮೂರು ಪಾಲು ಆರ್‌ಓ. ಆಮೇಲಿನ ಟಾಪ್‌ಅಪ್ ಎಲ್ಲಾ ಆರ್‌ಓ ನೀರಲ್ಲೇ, 2ರಿಂದ 3% ಎಣ್ಣೆ ಬೆರೆಸಿ. ಬೆರೆಸುವಾಗ ಮೊದಲು ನೀರು, ಆಮೇಲೆ ಎಣ್ಣೆ. ತಿರುಗಾಮುರುಗಾ ಮಾಡಿದರೆ ಗಂಟು ಕಟ್ಟುತ್ತದೆ.

ನೀರು ಸರಿಹೋದ ಮೇಲೆ ಇದೇ ಎಣ್ಣೆ ಎಷ್ಟು ಸಾಧು ಅನ್ನುವುದು ಗೊತ್ತಾಗುತ್ತದೆ. ಬೆಳಿಗ್ಗೆ ಮೆಷಿನ್ ಶುರುವಾಗಿ ಕೂಲೆಂಟ್ ಒಂದು ಸುತ್ತು ಹರಿದ ಮೇಲೆ, ರಿಫ್ರಾಕ್ಟೋಮೀಟರ್ (ಎಣ್ಣೆ ಎಷ್ಟು ಬೆರೆತಿದೆ ಅಂತ ಅಳೆಯುವ ಸಾಧನ) ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ನೀರಲ್ಲಿ ಸೊನ್ನೆಗೆ ತಂದು, ಕೂಲೆಂಟ್‌ನ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿಯಿರಿ. ಗೆರೆ ಚೂಪಾಗಿದ್ದರೆ ಕೂಲೆಂಟ್ ಆರೋಗ್ಯವಾಗಿದೆ. ಮಸುಕಾಗಿದ್ದರೆ ಮೆಷಿನ್‌ನಿಂದ ಸೋರಿದ ಸ್ಲೈಡ್‌ವೇ ಆಯಿಲೋ (ಜಾರುವ ಭಾಗಗಳ ಎಣ್ಣೆ) ಹೈಡ್ರಾಲಿಕ್ ಆಯಿಲೋ ಸೇರಿದೆ. ಕಂಡ ಅಂಕಿಯೇ ಶೇಕಡಾ ಆಗುವುದಿಲ್ಲ, ಫ್ಯಾಕ್ಟರ್‌ನಿಂದ ಗುಣಿಸಬೇಕು. ಚೀಟಿಯಲ್ಲಿ ಅದೂ ಇಲ್ಲ! 380 ಮಿಲಿ ನೀರಿಗೆ 20 ಮಿಲಿ ಎಣ್ಣೆ ಬೆರೆಸಿದರೆ ಕರಾರುವಾಕ್ಕಾಗಿ 5%. ಅದರ ರೀಡಿಂಗ್ 3.5 ಬಂದರೆ 5ನ್ನು 3.5ರಿಂದ ಭಾಗಿಸಿ, ಫ್ಯಾಕ್ಟರ್ ಸುಮಾರು 1.4. ಟರ್ನಿಂಗ್, ಮಿಲ್ಲಿಂಗ್‌ಗೆ 5ರಿಂದ 7% ಸಾಕು, ಟ್ಯಾಪಿಂಗ್ (ರಂಧ್ರಕ್ಕೆ ಮರೆ ಕೊರೆಯುವುದು), ರೀಮಿಂಗ್ (ರಂಧ್ರ ನುಣುಪು ಮಾಡುವುದು) ಹೆಚ್ಚಿದ್ದರೆ 8ರಿಂದ 10.

ಸೋಮವಾರದ ಕೊಳೆತ ಮೊಟ್ಟೆ ವಾಸನೆಗೆ ಈ ಎಣ್ಣೆಯನ್ನು ಬೈಯುವವರು ಬಹಳ. ಭಾನುವಾರವಿಡೀ ಪಂಪ್ ನಿಂತಾಗ ಮೆಷಿನ್‌ನಿಂದ ಸೋರಿ ಮೇಲೆ ತೇಲುವ ಎಣ್ಣೆಯ ಪದರ ಗಾಳಿ ತಡೆಯುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾ ಅಡಿಯಲ್ಲಿ ಬೆಳೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಶನಿವಾರ ಸಂಜೆ ಸ್ಕಿಮ್ಮರ್ (ತೇಲುವ ಎಣ್ಣೆ ತೆಗೆಯುವ ಸಾಧನ) ಓಡಿಸಿ ಪದರ ತೆಗೆದು, ಮೀನಿನ ತೊಟ್ಟಿಯ ಏರ್ ಪಂಪಿನ ಪೈಪನ್ನು ಟ್ಯಾಂಕಿಗೆ ಇಳಿಬಿಟ್ಟರೆ ಬಹುಪಾಲು ವಾಸನೆ ನಿಲ್ಲುತ್ತದೆ. ಪಿಎಚ್ 8.5ಕ್ಕಿಂತ ಇಳಿದಿದ್ದರೆ ತುಕ್ಕೂ ಶುರುವಾಗುತ್ತದೆ. ಪಿಎಚ್ 9.5 ದಾಟಿದರೆ ಆಪರೇಟರ್ ಕೈಯ ಚರ್ಮ ಒಡೆಯುತ್ತದೆ, ಅಲ್ಯುಮಿನಿಯಂ ಮೇಲೆ ಕಲೆ ಕೂರುತ್ತದೆ.

ಹಿತ್ತಾಳೆ ಕೆಲಸವೇ ಜಾಸ್ತಿ ಇರುವವರು ಒಂದು ತುಂಡನ್ನು ರಾತ್ರಿಯಿಡೀ ನೆನೆಸಿ, ಹಸಿರು ಬಿಡುತ್ತದಾ ಅಂತ ನೋಡಿಯೇ ಕೊಳ್ಳಿ. ರೇಟು ಕಮ್ಮಿ ಅಂತ 210 ಲೀಟರ್ ಬ್ಯಾರಲ್ ತಂದರೆ ಬಿಸಿಲು ಮಳೆಗೆ ನಿಲ್ಲಿಸಬೇಡಿ. ಮುಚ್ಚಳದ ಮೇಲೆ ನಿಂತ ನೀರು ಒಳಗಿಳಿದು ಎಣ್ಣೆ ಕೆಡುತ್ತದೆ. ಅಷ್ಟು ನೆರಳಿನ ಜಾಗ ಇಲ್ಲದವರಿಗೆ 20 ಲೀಟರ್ ಕ್ಯಾನೇ ಲೇಸು.