ಅವರು ಹೇಳಿದ್ದು 92 ಲಕ್ಷ, ನಾವು ಕೇಳಿದ್ದು 64: ಮನೆಯ ಮೌಲ್ಯಮಾಪನ ಸೇವೆಯೊಂದರ ವಿಮರ್ಶೆ

2025ರ ದಸರಾ ಮುಗಿದ ವಾರ, ತುಮಕೂರಿನ ಬಟವಾಡಿಯ ಕಡೆಯ ಬಡಾವಣೆಯೊಂದರಲ್ಲಿ ಒಂದು ಮನೆಯನ್ನು ನೋಡಿ ಬಂದೆವು. ಮೂವತ್ತು ನಲವತ್ತರ ನಿವೇಶನ, 1998ರಲ್ಲಿ ಕಟ್ಟಿದ ಕೆಳಮನೆ, ಆಮೇಲೆ ಎತ್ತಿದ ಅರ್ಧ ಮಹಡಿ, ಮುಂದೆ ಒಂದು ತೆಂಗಿನ ಮರ, ಪೂರ್ವದ ಬಾಗಿಲು. ನಮ್ಮ ತಂದೆತಾಯಿ ಮೆಟ್ಟಿಲು ಹತ್ತಬೇಕಿಲ್ಲ, ಮಕ್ಕಳ ಶಾಲೆಗೆ ನಡೆದೇ ಹೋಗಬಹುದು. ಮನೆಯ ಯಜಮಾನರು 92 ಲಕ್ಷ ಹೇಳಿದರು. ದಲ್ಲಾಳಿ ಅದಕ್ಕೆ ಒತ್ತಾಸೆಯಾಗಿ, ಗುಬ್ಬಿಯ ಬಳಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ, ನಾಳೆ ಮೆಟ್ರೋ ಕೂಡ ಬರುತ್ತದೆ ಎಂದರು. ಕಾರ್ಖಾನೆ 2023ರ ಫೆಬ್ರವರಿಯಲ್ಲೇ ಉದ್ಘಾಟನೆಯಾಗಿರುವುದು ನಿಜ. ಆದರೆ ಮೆಟ್ರೋ ಇನ್ನೂ ಕಾಗದದ ಮೇಲಿನ ಪ್ರಸ್ತಾಪ, ಅದಕ್ಕೆ ಇಂದೇ ಹಣ ಕೊಡುವ ಉತ್ಸಾಹ ನಮಗಿರಲಿಲ್ಲ.

ಎಷ್ಟಕ್ಕೆ ಕೇಳಬೇಕು ಎಂಬ ಪ್ರಶ್ನೆಗೆ ನೆಂಟರಿಷ್ಟರಲ್ಲಿ ಉತ್ತರಗಳಿಗೆ ಕೊರತೆಯಿರಲಿಲ್ಲ. ಹೇಳಿದ ಬೆಲೆಗೆ ಶೇ 10 ಇಳಿಸಿ ಕೇಳು, ಅವರೇ ಸರಿಯಾದ ಜಾಗಕ್ಕೆ ಬರುತ್ತಾರೆ ಎಂಬುದು ನಮ್ಮ ಭಾವನವರ ಸೂತ್ರ. ಯಜಮಾನರು ಮನಸ್ಸಿಗೆ ಬಂದಂತೆ 92 ಹೇಳಿದ್ದರೆ ಅದರ ಶೇ 10 ಇಳಿಸಿದ ಅಂಕಿಯೂ ಮನಸ್ಸಿಗೆ ಬಂದದ್ದೇ ಆಗಿರುತ್ತದೆ ಎಂಬ ಅನುಮಾನ ನನ್ನದು. ಆದ್ದರಿಂದ, ಬ್ಯಾಂಕುಗಳ ಪಟ್ಟಿಯಲ್ಲಿರುವ, ನಮ್ಮ ಊರಿನ ಒಬ್ಬ ಮೌಲ್ಯಮಾಪಕರನ್ನು ಖಾಸಗಿಯಾಗಿ ನೇಮಿಸಿಕೊಂಡೆ. ಶುಲ್ಕ 6,500 ರೂಪಾಯಿ. ಸಾಲಕ್ಕೆ ಅರ್ಜಿ ಹಾಕಿದ ಮೇಲೆ ಬ್ಯಾಂಕೇ ಒಬ್ಬರನ್ನು ಕಳಿಸುತ್ತದಲ್ಲ, ಈ ದಂಡ ಏಕೆ ಎಂದು ಮನೆಯಲ್ಲಿ ಆಕ್ಷೇಪ ಬಂತು. ಆದರೆ ಬ್ಯಾಂಕಿನವರು ಬರುವ ಹೊತ್ತಿಗೆ ಮಾತುಕತೆ ಮುಗಿದು, ಮುಂಗಡ ಕೊಟ್ಟು, ಕರಾರು ಪತ್ರಕ್ಕೆ ರುಜು ಬಿದ್ದಿರುತ್ತದೆ, ಬೆಲೆ ಹೆಚ್ಚಾಯಿತೆಂದು ಆಗ ತಿಳಿದರೆ ಮುಂಗಡದ ಮುಖ ನೋಡಿಕೊಂಡು ಕೂರಬೇಕಾಗುತ್ತದೆ.

ಮೌಲ್ಯಮಾಪಕರು ಮನೆಯಲ್ಲಿ ಕಳೆದ ಒಂದು ಗಂಟೆ ಇಪ್ಪತ್ತು ನಿಮಿಷವೇ ಈ ಸೇವೆಯ ಅತ್ಯುತ್ತಮ ಭಾಗ. ಲೇಸರ್ ಅಳತೆಗೋಲಿನಿಂದ ಕೋಣೆ ಕೋಣೆಯನ್ನೂ ಅಳೆದು, ಗೋಡೆಯ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿದರು. ಯಜಮಾನರು ಹದಿನಾರು ಚದರ ಎಂದಿದ್ದ ಕಟ್ಟಡ ಹದಿಮೂರೇ ಚದರ ಬಂತು, ಅಂದರೆ 1,300 ಚದರಡಿ. ಮೋಸವೇನೂ ಇರಲಿಲ್ಲ, ಮಹಡಿಯ ಮುಂದಿನ ತೆರೆದ ತಾರಸಿಯನ್ನೂ ಅವರು ಕಟ್ಟಡದಲ್ಲಿ ಎಣಿಸುತ್ತಿದ್ದರು. ಬಳಿಕ ಮೌಲ್ಯಮಾಪಕರು ತಾರಸಿ ಹತ್ತಿ, ನೀರು ಹರಿದುಹೋಗುವ ಇಳಿಜಾರನ್ನು ನೋಡಿ, ಕೆಳಗಿಳಿದು ಅದೇ ಮೂಲೆಯ ಕೆಳಗಿನ ಕೋಣೆಯ ಚಾವಣಿಯನ್ನು ಬೆರಳಿನಿಂದ ತಟ್ಟಿದರು. ಹೊಸ ಸುಣ್ಣದ ಅಡಿಯಲ್ಲಿ ಗಾರೆ ಟೊಳ್ಳಾಗಿತ್ತು. ಅವರು ಕೇಳಿದ ಪ್ರಶ್ನೆಗಳಲ್ಲಿ ನನಗೆ ಹೊಳೆಯದೇ ಇದ್ದವು ಎರಡು. ಮಹಡಿಗೆ ನಕ್ಷೆಯ ಅನುಮೋದನೆ ಇದೆಯೇ ಎಂಬುದು ಒಂದು. ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಲೀಟರಿನದು ಎಂಬುದು ಇನ್ನೊಂದು. ಬುಗುಡನಹಳ್ಳಿ ಕೆರೆಯ ನೀರನ್ನು ನಂಬಿಕೊಂಡಿರುವ ಊರಿನಲ್ಲಿ ಎರಡನೆಯ ಪ್ರಶ್ನೆಯನ್ನು ನಾನೇ ಮೊದಲು ಕೇಳಬೇಕಿತ್ತು.

ವರದಿಯ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕೊಟ್ಟ ಹಣ ಸಾರ್ಥಕವಾದದ್ದು ಕೊನೆಯ ಸಾಲಿನ ಮೊತ್ತದಿಂದಲ್ಲ, ಆ ಮೊತ್ತಕ್ಕೆ ತಲುಪಿದ ದಾರಿಯಿಂದ. ನೆಲವನ್ನೂ ಕಟ್ಟಡವನ್ನೂ ಅವರು ಬೇರೆ ಬೇರೆಯಾಗಿ ತೂಗಿದ್ದರು. ಆ ರಸ್ತೆಯ ನಿವೇಶನಕ್ಕೆ ಚದರಡಿಗೆ 4,800 ರೂಪಾಯಿ ಹಿಡಿದು 1,200 ಚದರಡಿಗೆ 57.60 ಲಕ್ಷ. ಅದೇ ಬಗೆಯ ಕಟ್ಟಡವನ್ನು ಇಂದು ಕಟ್ಟಿಸಲು ಚದರಡಿಗೆ 1,900ರಂತೆ 24.70 ಲಕ್ಷ ಬೇಕು. ಆದರೆ ನಾವು ಕೊಳ್ಳುವುದು ಹೊಸ ಕಟ್ಟಡವಲ್ಲವಾದ್ದರಿಂದ, 60 ವರ್ಷದ ಆಯುಷ್ಯದಲ್ಲಿ 27 ವರ್ಷ ಕಳೆದಿದೆಯೆಂದು, ಕೊನೆಗೆ ಉಳಿಯುವ ಸಾಮಗ್ರಿಗೆ ಶೇ 10 ಬಿಟ್ಟು, ಸುಮಾರು 10 ಲಕ್ಷ ಸವಕಳಿ ತೆಗೆದು 14.70 ಲಕ್ಷ ಉಳಿಸಿದ್ದರು. ಸಂಪು, ಕಾಂಪೌಂಡು, ಗೇಟಿಗೆ 1.20 ಲಕ್ಷ. ಒಟ್ಟು 73.50 ಲಕ್ಷ. ಹಳೆಯ ಮನೆಯ ಬೆಲೆಯಲ್ಲಿ ಹೆಚ್ಚಿನ ಪಾಲು ನೆಲದ್ದೇ ಎಂದು ಎಲ್ಲರೂ ಬಾಯಿಮಾತಿಗೆ ಹೇಳುತ್ತಾರೆ. ಐದರಲ್ಲಿ ನಾಲ್ಕು ಪಾಲಿಗೆ ಹತ್ತಿರ ಎಂದು ಕಾಗದದ ಮೇಲೆ ಕಂಡಾಗ, ತೇಗದ ಬಾಗಿಲಿನ ಬಗ್ಗೆ ನನ್ನ ಹೆಂಡತಿಗೂ ನನಗೂ ಇದ್ದ ಮೋಹ ಕೊಂಚ ಇಳಿಯಿತು.

ಈ ಮೊತ್ತವನ್ನು ಅವರು ಬಾಡಿಗೆಯಿಂದಲೂ ಪರೀಕ್ಷಿಸಿದ್ದರು. ಕೆಳಮನೆಗೆ 14,000, ಮಹಡಿಗೆ 7,500 ಬಾಡಿಗೆ ಬರಬಹುದು ಎಂದರೆ ವರ್ಷಕ್ಕೆ 2.58 ಲಕ್ಷ. 73.50 ಲಕ್ಷಕ್ಕೆ ಅದು ಶೇ 3.5ರಷ್ಟು ಹುಟ್ಟುವಳಿ, 92 ಲಕ್ಷಕ್ಕಾದರೆ ಶೇ 2.8 ಮಾತ್ರ. ವಾಸಕ್ಕೆ ಕೊಳ್ಳುವವರಿಗೆ ಇದು ಮುಖ್ಯವಲ್ಲವೆನಿಸಬಹುದು. ಎರಡು ಬೇರೆ ದಾರಿಗಳಿಂದ ನಡೆದರೂ ಒಂದೇ ಅಂಗಳಕ್ಕೆ ಬಂದು ನಿಂತದ್ದು ನನಗಂತೂ ಧೈರ್ಯ ಕೊಟ್ಟಿತು.

ಅದೇ ರಸ್ತೆಯಲ್ಲಿ ಈಚೆಗೆ ಮಾರಾಟವಾದ ಮನೆಗಳ ಹೋಲಿಕೆ ಮಾತ್ರ ವರದಿಯ ದುರ್ಬಲ ಭಾಗ. ಇದರಲ್ಲಿ ತಪ್ಪು ಪೂರ್ತಿ ಅವರದ್ದಲ್ಲ. ನಮ್ಮಲ್ಲಿ ಎಷ್ಟೋ ಕ್ರಯಪತ್ರಗಳಲ್ಲಿ ನಿಜವಾಗಿ ಕೈ ಬದಲಾದ ಹಣ ಕಾಣುವುದಿಲ್ಲ, ಸರ್ಕಾರದ ಮಾರ್ಗಸೂಚಿ ದರದ ಆಸುಪಾಸಿನ ಮೊತ್ತ ಕಾಣುತ್ತದೆ. ಹಾಗಾಗಿ ನೋಂದಣಿ ದಾಖಲೆಯನ್ನು ನಂಬಿದರೆ ಬೆಲೆ ತೀರಾ ಕೆಳಗೆ ಬರುತ್ತದೆ, ದಲ್ಲಾಳಿಗಳನ್ನು ನಂಬಿದರೆ ತೀರಾ ಮೇಲೆ ಹೋಗುತ್ತದೆ. ಮಾರ್ಗಸೂಚಿ ದರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆ ದರ ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆಯಾಗಿದೆ. ಆದರೆ ಅದು ಮುದ್ರಾಂಕ ಶುಲ್ಕ ಇದಕ್ಕಿಂತ ಕಡಿಮೆ ಮೊತ್ತದ ಮೇಲೆ ಕಟ್ಟುವಂತಿಲ್ಲ ಎಂದು ಹೇಳುವ ಗೆರೆ, ಮನೆಯ ಬೆಲೆಯಲ್ಲ. ಮೌಲ್ಯಮಾಪಕರು ತಾವು ಬ್ಯಾಂಕುಗಳಿಗಾಗಿ ಸುತ್ತಮುತ್ತ ಮಾಡಿದ ಕೆಲಸದ ಅನುಭವದ ಮೇಲೆ 4,800ಕ್ಕೆ ಬಂದೆ ಎಂದರು. ನಾನು ಅದನ್ನು ಒಪ್ಪಿದೆ. ಆದರೆ ವರದಿಯಲ್ಲಿ ಹೋಲಿಕೆಯ ಮನೆಗಳೆಂದು ಎರಡನ್ನು ಮಾತ್ರ ಕೊಟ್ಟು, ಅವುಗಳಿಂದ ಈ ದರಕ್ಕೆ ಹೇಗೆ ಬಂದರೆಂಬುದನ್ನು ಬರೆಯದೇ ಬಿಟ್ಟದ್ದು ಕೊರತೆಯೇ.

ಮನೆಯ ಮೌಲ್ಯ ಬೇರೆ, ನಾವು ಕೇಳಬೇಕಾದ ಬೆಲೆ ಬೇರೆ. ಎರಡನೆಯದನ್ನು ಯಾವ ಮೌಲ್ಯಮಾಪಕರೂ ಬರೆದುಕೊಡುವುದಿಲ್ಲ. ಅದನ್ನು ನಾವೇ ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಹಾಕಿದೆವು. ಗೃಹಸಾಲದ ಮೊತ್ತ 30 ಲಕ್ಷದಿಂದ 75 ಲಕ್ಷದವರೆಗೆ ಇದ್ದಾಗ ಆಸ್ತಿಯ ಮೌಲ್ಯದ ಶೇ 80ರಷ್ಟನ್ನು ಮಾತ್ರ ಸಾಲ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಇಷ್ಟು ಬೆಲೆಯ ಮನೆಗೆ ನೋಂದಣಿಯ ಖರ್ಚನ್ನು ಆ ಮೌಲ್ಯದೊಳಗೆ ಸೇರಿಸುವಂತಿಲ್ಲ. ನಮಗೆ ಸಾಲ ಕೊಡಲಿದ್ದ ಬ್ಯಾಂಕು ಕ್ರಯದ ಮೊತ್ತ, ತನ್ನ ಮೌಲ್ಯಮಾಪನ ಎರಡರಲ್ಲಿ ಕಡಿಮೆಯಾದದ್ದನ್ನು ಹಿಡಿಯುತ್ತದೆ. ನೋಂದಣಿಗೆ ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಶೇ 10 ಸೆಸ್, ನಗರ ಪ್ರದೇಶದಲ್ಲಿ ಶೇ 2 ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ. ಎಲ್ಲ ಸೇರಿದರೆ ಕ್ರಯದ ಶೇ 7.6.

ಈಗ 92 ಲಕ್ಷಕ್ಕೆ ಒಪ್ಪಿದ್ದರೆ ಏನಾಗುತ್ತಿತ್ತೆಂದು ನೋಡೋಣ. ಬ್ಯಾಂಕಿನ ಮೌಲ್ಯಮಾಪನವೂ ಇಷ್ಟೇ ಬಂತೆಂದುಕೊಂಡರೆ, ಅದು 73.50ರ ಶೇ 80, ಅಂದರೆ 58.80 ಲಕ್ಷ ಕೊಡುತ್ತದೆ. ಉಳಿದ 33.20 ಲಕ್ಷ, ನೋಂದಣಿಗೆ ಸುಮಾರು 7 ಲಕ್ಷ, ದಲ್ಲಾಳಿಯ ಶೇ 1, ದುರಸ್ತಿಗೆ 4.50 ಲಕ್ಷ, ಎಲ್ಲ ಸೇರಿ 45 ಲಕ್ಷಕ್ಕೂ ಮೇಲೆ ನಮ್ಮ ಕೈಯಿಂದಲೇ ಹೋಗಬೇಕು. ಮೌಲ್ಯಕ್ಕಿಂತ ಹೆಚ್ಚು ಕೊಡುವ ಒಂದೊಂದು ರೂಪಾಯಿಗೂ ಬ್ಯಾಂಕಿನ ಪಾಲು ಸೊನ್ನೆ. ನಮ್ಮಲ್ಲಿದ್ದದ್ದು 25 ಲಕ್ಷ.

ವರದಿಯಲ್ಲಿ ದುರಸ್ತಿಯ ಅಂದಾಜನ್ನು ಸವಕಳಿಯಲ್ಲಿ ಕಲಸದೆ ಪ್ರತ್ಯೇಕ ಪುಟದಲ್ಲಿ ಕೊಟ್ಟದ್ದು ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಮನೆಗೆ ವಯಸ್ಸಾಗಿರುವುದು ಒಂದು, ತಾರಸಿ ಸೋರುವುದು ಇನ್ನೊಂದು. ಅದೇ ವಯಸ್ಸಿನ ಸೋರದ ಮನೆಯೂ ಇರುತ್ತದಲ್ಲವೇ? 73.50ರಲ್ಲಿ 4.50 ಕಳೆದರೆ 69. ಅದರ ಮೇಲೆ, ನಮಗೆ ಈ ಮನೆಯೇ ಬೇಕೆಂಬ ಆಸೆಗೆ 2 ಲಕ್ಷ ಸೇರಿಸಿ 71 ಲಕ್ಷವನ್ನು ಕಟ್ಟಕಡೆಯ ಗೆರೆಯೆಂದು ಬರೆದಿಟ್ಟೆವು. ಆಸೆಗೂ ಒಂದು ಬೆಲೆ ಕಟ್ಟಿದ್ದು ನನ್ನ ಹೆಂಡತಿ. ಇಲ್ಲದಿದ್ದರೆ ಮಾತುಕತೆಯಲ್ಲಿ ಕುಳಿತಾಗ ಅದು ತಾನಾಗಿ ಬೆಳೆಯುತ್ತದೆ ಎಂದಳು. 71ಕ್ಕೆ ನಿಂತರೆ ಕೈಯಿಂದ ಹೋಗುವುದು 24.81 ಲಕ್ಷ. ಮೊದಲು ಕೇಳುವ ಬೆಲೆ 64.

ಸೇವೆಯ ಉಳಿದ ಕುಂದುಗಳನ್ನೂ ಹೇಳಬೇಕು. ಮೂರು ದಿನದಲ್ಲಿ ಕೊಡುತ್ತೇನೆಂದ ವರದಿ ಎಂಟನೆಯ ದಿನ ಬಂತು, ಅದೂ ನಾನು ಎರಡು ಸಲ ಫೋನು ಮಾಡಿದ ಮೇಲೆ. ಹನ್ನೊಂದು ಪುಟಗಳಲ್ಲಿ ಅರ್ಧದಷ್ಟು ಎಲ್ಲ ವರದಿಗಳಿಗೂ ಅಂಟಿಸುವ ಷರತ್ತುಗಳು. ಪೂರ್ತಿ ಇಂಗ್ಲಿಷಿನಲ್ಲಿದ್ದುದರಿಂದ, ಹಣದಲ್ಲಿ ದೊಡ್ಡ ಪಾಲು ಹಾಕುತ್ತಿದ್ದ ನಮ್ಮ ತಂದೆಯವರಿಗೆ ನಾನು ಸಾಲು ಸಾಲಾಗಿ ಓದಿ ಹೇಳಬೇಕಾಯಿತು. ಅರ್ಧ ಗಂಟೆ ಕುಳಿತು ಅಚ್ಚುಕಟ್ಟಾದ ಕನ್ನಡದಲ್ಲಿ ಲೆಕ್ಕ ಬಿಡಿಸಿ ಹೇಳಿದವರು ಒಂದು ಪುಟದ ಕನ್ನಡ ಸಾರಾಂಶವನ್ನು ಬರೆದುಕೊಡಲು ಏಕೆ ಹಿಂದೆಗೆದರೋ ತಿಳಿಯಲಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮೌಲ್ಯಮಾಪನದ ವರದಿ ಕೈಗೆ ಬಂದರೆ ದಾಖಲೆಗಳೂ ಸರಿಯಿವೆ ಎಂದು ಅನೇಕರು ತಿಳಿಯುತ್ತಾರೆ. ಹಕ್ಕು ನಿರ್ವಿವಾದವೆಂದು ಭಾವಿಸಿ ಈ ಮೌಲ್ಯ ಕಟ್ಟಲಾಗಿದೆ ಎಂಬ ಸಾಲು ನಮ್ಮ ವರದಿಯ ಕೊನೆಯ ಪುಟದಲ್ಲಿತ್ತು. ಈ ಮನೆ ಯಜಮಾನರ ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ್ದು. ಅವರು ಉಯಿಲು ಬರೆಯದೆ ತೀರಿಕೊಂಡಿದ್ದರಿಂದ, ಖಾತೆ ಮಗನ ಹೆಸರಿಗೆ ಬಂದಿದ್ದರೂ ಇಬ್ಬರು ಹೆಣ್ಣುಮಕ್ಕಳಿಗೂ ಸಮಪಾಲಿದೆ. ಇದನ್ನು ಹೇಳಿದ್ದು ನಾವು ಬೇರೆ ಶುಲ್ಕ ಕೊಟ್ಟು ಕೇಳಿದ ವಕೀಲರು. ಇ-ಖಾತೆ, ಋಣಭಾರ ಪ್ರಮಾಣಪತ್ರ ಎಲ್ಲ ಸರಿಯಿದ್ದರೂ ಅಕ್ಕತಂಗಿಯರ ರುಜು ಇಲ್ಲದ ಕ್ರಯಪತ್ರಕ್ಕೆ 64 ಲಕ್ಷವೂ ದುಬಾರಿಯೇ. ನಾವು ಮುಂದಿಟ್ಟ ಬೆಲೆಗೆ ಮೂವರೂ ಸೇರಿ ಬರೆದುಕೊಡಬೇಕು ಎಂಬುದನ್ನು ಮೊದಲ ಷರತ್ತಾಗಿ ಸೇರಿಸಿದೆವು. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಆದಾಯ ತೆರಿಗೆಯನ್ನು ಹಿಡಿದು ಕಟ್ಟುವ ಹೊಣೆ ಕೊಳ್ಳುವವರದ್ದು ಎಂಬುದನ್ನೂ ಆಗಲೇ ತಿಳಿಸಿದ್ದರಿಂದ ಕೊನೆಗೆ ತಕರಾರು ಬರಲಿಲ್ಲ.

ಮಾತುಕತೆ ಎರಡು ಭಾನುವಾರ ನಡೆಯಿತು. 64 ಎಂದೊಡನೆ ಯಜಮಾನರ ಮುಖ ಕೆಂಪಾಯಿತು. "ನಮ್ಮಪ್ಪ ಕಟ್ಟಿಸಿದ ಮನೆಗೆ ವಯಸ್ಸಿನ ಲೆಕ್ಕ ಹಾಕ್ತೀರಾ ಮೇಷ್ಟ್ರೇ?" ಎಂದರು. ಸವಕಳಿಯ ಸೂತ್ರವನ್ನು ಅವರ ಮುಂದೆ ಹಿಡಿದದ್ದು ನನ್ನ ತಪ್ಪು, ಹುಟ್ಟಿ ಬೆಳೆದ ಮನೆಯ ಬಗ್ಗೆ ಯಾರೂ ಅಂಥ ಭಾಷೆಯನ್ನು ಕೇಳಲು ಬಯಸುವುದಿಲ್ಲ. ಆದರೆ ಅವರನ್ನು ಕದಲಿಸಿದ್ದು ಅದೇ ವರದಿಯ ಇನ್ನೊಂದು ಅಂಕಿ. ಹದಿನಾರಲ್ಲ, ಹದಿಮೂರು ಚದರ ಎಂಬುದನ್ನು ಅವರ ಅಕ್ಕನವರು ನಂಬದೆ ಟೇಪು ತರಿಸಿ ತಾವೇ ಅಳೆಸಿದರು. ಎರಡನೆಯ ಭಾನುವಾರ ಅವರು 76ಕ್ಕೆ ಇಳಿದರು, ನಾವು 69ಕ್ಕೆ ಏರಿದೆವು. ಧನುರ್ಮಾಸಕ್ಕೆ ಮೊದಲೇ ನೋಂದಣಿ ಮುಗಿಯಲಿ ಎಂಬ ಆತುರ ಅವರಿಗೂ ಇತ್ತು. 70.50 ಲಕ್ಷಕ್ಕೆ ವೀಳ್ಯದೆಲೆ ಅಡಿಕೆ ಬದಲಾಯಿತು.

ತುಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಬಡಾವಣೆಯಲ್ಲಿ ಖಾಲಿ ನಿವೇಶನ ಕೊಳ್ಳುವವರಿಗೆ ಈ ಸೇವೆ ಅಷ್ಟಾಗಿ ಬೇಕಿಲ್ಲ. ನಾಲ್ಕು ಕಡೆ ವಿಚಾರಿಸಿದರೆ ದರ ಸಿಗುತ್ತದೆ. ಹತ್ತಿಪ್ಪತ್ತು ವರ್ಷ ಹಳೆಯ, ಒಮ್ಮೆಗಿಂತ ಹೆಚ್ಚು ಸಲ ಕಟ್ಟಿದ ಮನೆಗಾದರೆ ನಾನು ಇವರನ್ನೇ ಮತ್ತೆ ಕರೆಯುತ್ತೇನೆ, ವರದಿಗೆ ದಿನಾಂಕವನ್ನು ಬರಹದಲ್ಲಿ ಪಡೆದುಕೊಂಡು. ಅಂದಹಾಗೆ, ಅವರು 4.50 ಲಕ್ಷ ಎಂದಿದ್ದ ದುರಸ್ತಿ 5.10 ಲಕ್ಷಕ್ಕೆ ಹೋಯಿತು. ತಾರಸಿ ಅವರು ಹೇಳಿದ ಲೆಕ್ಕದಲ್ಲೇ ಮುಗಿಯಿತು, ಬಚ್ಚಲುಮನೆಯ ಗೋಡೆಯೊಳಗಿನ ಹಳೆಯ ಕಬ್ಬಿಣದ ಕೊಳವೆ ಮಾತ್ರ ಒಡೆದು ನೋಡುವವರೆಗೆ ಯಾರಿಗೂ ಕಂಡಿರಲಿಲ್ಲ. ನಮ್ಮ 25 ಲಕ್ಷದ ಗೆರೆ ದಾಟಿದ್ದು ಆ ಕೊಳವೆಯಿಂದಲೇ.