ಕಂಪ್ಯೂಟರ್ ಹ್ಯಾಂಗ್ ಆಗ್ತಿದ್ದರೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ, ಮೊದಲು ಫೈಲ್ ಉಳಿಸಿಕೊಳ್ಳಿ

ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಹ್ಯಾಂಗ್ ಆಗೋಕೆ ಶುರುವಾಗಿದೆಯಾ? ಹಾಗಾದರೆ ಬೇರೆ ಯಾವ ರಿಪೇರಿಗೂ ಕೈ ಹಾಕುವ ಮೊದಲು ಫೋಟೊ, ರೆಕಾರ್ಡಿಂಗ್, ದಾಖಲೆಗಳನ್ನು ಇವತ್ತೇ ಎಕ್ಸ್‌ಟರ್ನಲ್ ಡಿಸ್ಕಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿಕೊಳ್ಳಿ. ನಾನು ಮಾಡಲಿಲ್ಲ. 2018ರ ಬೇಸಿಗೆ ರಜೆಯಲ್ಲಿ ನಮ್ಮಜ್ಜಿ ಹಾಡಿದ ಬೀಸುವ ಪದ, ಸೋಬಾನೆ ಪದ ಎಲ್ಲ ಸೇರಿ 31 ರೆಕಾರ್ಡಿಂಗ್ ಅದರಲ್ಲಿದ್ದವು. ಫೋನ್ ತುಂಬಿತು ಅಂತ ಕಂಪ್ಯೂಟರಿಗೆ ಹಾಕಿ, ಫೋನಿಂದ ಅಳಿಸಿಬಿಟ್ಟಿದ್ದೆ. ಅಜ್ಜಿ ಈಗಿಲ್ಲ.

ನಮ್ಮಲ್ಲಿ ಶುರುವಾಗಿದ್ದು ಹೀಗೆ. ಮೌಸ್ ಓಡಾಡುತ್ತಿತ್ತು, ಆದರೆ ಏನು ಕ್ಲಿಕ್ ಮಾಡಿದರೂ ತೆರೆಯುತ್ತಿರಲಿಲ್ಲ. ಸಿಪಿಯು ಡಬ್ಬದ ಮುಂದಿನ ಕೆಂಪು ದೀಪ, ಸದಾ ಮಿಣುಕುವಂಥದ್ದು, ಒಂದೇ ಸಮ ಉರಿಯುತ್ತಿತ್ತು. ಒಂದೆರಡು ನಿಮಿಷ ಸುಮ್ಮನೆ ಕೂತರೆ ಅಷ್ಟೂ ಹೊತ್ತು ಒತ್ತಿದ್ದೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತಿತ್ತು. ಏಪ್ರಿಲ್ ತಿಂಗಳು, ದಾವಣಗೆರೆಯ ಸೆಕೆ. ಬಿಸಿಗೇ ಹೀಗಾಗ್ತಿದೆ ಅಂದುಕೊಂಡೆ. ಡಬ್ಬ ಬಿಚ್ಚಿ ಪೇಂಟ್ ಬ್ರಶ್‌ನಿಂದ ಫ್ಯಾನಿನ ಧೂಳು ತೆಗೆದೆ. ರ್‍ಯಾಮ್ ಹೊರತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಪ್ರೊಸೆಸರ್ ಶಾಖ ನೋಡಿದರೆ 55 ಡಿಗ್ರಿ, ಏನೂ ತೊಂದರೆ ಇಲ್ಲ. ಆದರೂ ಹ್ಯಾಂಗ್ ನಿಲ್ಲಲಿಲ್ಲ.

ಆಮೇಲೆ ಮಾಡಿದ್ದೇ ದೊಡ್ಡ ತಪ್ಪು. ಯಾರೋ ಹೇಳಿದ್ದು ಕೇಳಿ ಡಿಸ್ಕಿನ ದೋಷ ಹುಡುಕುವ, ವಿಂಡೋಸ್‌ನದೇ ಆದ ಚೆಕ್‌ಡಿಸ್ಕ್ ಅನ್ನು ರಾತ್ರಿಯಿಡೀ ಓಡಿಸಿದೆ, ಅದೂ ಡಿಸ್ಕಿನ ಪ್ರತಿಯೊಂದು ಸೆಕ್ಟರ್ (ಡೇಟಾ ಬರೆದಿಡುವ ಚಿಕ್ಕ ಚಿಕ್ಕ ಜಾಗ) ಓದಿ ನೋಡುವ ಸ್ಲ್ಯಾಶ್ ಆರ್ ಆಯ್ಕೆ ಹಾಕಿ. ಸಾಯುತ್ತಿರುವ ಹಾರ್ಡ್‌ಡಿಸ್ಕಿಗೆ ಇದಕ್ಕಿಂತ ಹೆಚ್ಚಿನ ಶ್ರಮ ಇಲ್ಲ. ನಡುರಾತ್ರಿ ನೀರು ಕುಡಿಯಲು ಎದ್ದವನಿಗೆ ಡಬ್ಬದೊಳಗಿಂದ ಟಿಕ್, ಸ್ವಲ್ಪ ಬಿಟ್ಟು ಮತ್ತೆ ಟಿಕ್ ಅನ್ನುವುದು ಕೇಳಿಸಿತ್ತು. ಫ್ಯಾನಿನ ಸದ್ದು ಅಂತ ಮಲಗಿಬಿಟ್ಟೆ.

ಎರಡು ದಿನ ಬಿಟ್ಟು ಅಂಗಡಿಗೆ ಒಯ್ದೆ. ಹುಡುಗ ಆನ್ ಮಾಡಿ ಐದು ನಿಮಿಷ ನೋಡಿದ. "ಸರ್, ವಿಂಡೋಸ್ ಕರಪ್ಟ್ ಆಗಿದೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡ್ತೀವಿ, ಸಂಜೆ ಬನ್ನಿ" ಅಂದ. ಡಿಸ್ಕಿನಲ್ಲಿ ಏನಿದೆ ಅಂತ ಅವನು ಕೇಳಲಿಲ್ಲ. ಫಾರ್ಮ್ಯಾಟ್ ಅಂದರೆ ವಿಂಡೋಸ್ ಇರುವ ಸಿ ಡ್ರೈವ್ ಮಾತ್ರ ಅಳಿಸುತ್ತಾರೆ, ಡಿ ಡ್ರೈವ್‌ನಲ್ಲಿದ್ದದ್ದು ಹಾಗೇ ಇರುತ್ತೆ ಅಂದುಕೊಂಡು ನಾನೂ ಹೇಳಲಿಲ್ಲ. ಮನೆಗೆ ತಂದು ನೋಡಿದರೆ ಇದ್ದದ್ದು ಒಂದೇ ಡ್ರೈವ್. ಡಿಸ್ಕಿನ ಎಲ್ಲ ಪಾರ್ಟಿಷನ್ (ಭಾಗ) ಅಳಿಸಿ ಒಂದೇ ಮಾಡಿದ್ದರು. ನಾಲ್ಕು ದಿನ ಚೆನ್ನಾಗಿ ಓಡಿತು, ಐದನೇ ದಿನ ಮತ್ತೆ ಅದೇ ಹ್ಯಾಂಗ್.

ಕೊನೆಗೆ ಕಾರಣ ತೋರಿಸಿದವರು ಹಾರ್ಡ್‌ವೇರ್ ಕೆಲಸ ಗೊತ್ತಿದ್ದ ನಮ್ಮ ಪಕ್ಕದ ಬೀದಿಯವರು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ತಂತ್ರಾಂಶ ಹಾಕಿದರು, ಒಂದೇ ನಿಮಿಷದಲ್ಲಿ ಹಳದಿ ಬಣ್ಣದಲ್ಲಿ 'ಕಾಷನ್' ಅಂತ ಬಂತು. ಅದರಲ್ಲಿ 05, ಸಿ5, ಸಿ6 ಅನ್ನುವ ಮೂರು ಸಾಲು ನೋಡಬೇಕು. 05 ಅಂದರೆ ಕೆಟ್ಟುಹೋಗಿ ಬೇರೆ ಜಾಗಕ್ಕೆ ಬದಲಾಯಿಸಿದ ಸೆಕ್ಟರ್‌ಗಳು. ಸಿ5 ಅಂದರೆ ಓದಲಾಗದೆ ಬಾಕಿ ಉಳಿದವು. ಸಿ6 ಅಂದರೆ ಸರಿಪಡಿಸಲಾಗದವು. ಓದಲಾಗದ ಸೆಕ್ಟರ್ ಸಿಕ್ಕಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ, ವಿಂಡೋಸ್ ಕಾಯುತ್ತಾ ನಿಲ್ಲುತ್ತದೆ. ನಮಗೆ ಕಾಣುವ ಹ್ಯಾಂಗ್ ಅದೇ. ಕೆಟ್ಟ ಸೆಕ್ಟರ್ ಮೇಲೆ ಹೊಸದಾಗಿ ಬರೆದರೆ ಡಿಸ್ಕ್ ಅದನ್ನು ಬಿಟ್ಟು ಬೇರೆ ಸೆಕ್ಟರ್ ಬಳಸಿಕೊಳ್ಳುತ್ತದೆ, ಹಾಗಾಗಿ ಫಾರ್ಮ್ಯಾಟ್ ಆದಮೇಲೆ ಕೆಲವು ದಿನ ಸರಿಹೋದಂತೆ ಕಾಣುತ್ತದೆ. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆರೆದು ಸಿಸ್ಟಮ್ ವಿಭಾಗದಲ್ಲಿ 'ಡಿಸ್ಕ್' ಹೆಸರಿನ, 7 ಅಥವಾ 153 ಸಂಖ್ಯೆಯ ದಾಖಲೆಗಳಿವೆಯಾ ಅಂತಲೂ ನೋಡಿ.

ಎಲ್ಲ ಹ್ಯಾಂಗೂ ಡಿಸ್ಕಿನದೇ ಅಂತ ನಾನು ಹೇಳುತ್ತಿಲ್ಲ. ಗೇಮ್ ಆಡುವಾಗ ಮಾತ್ರ ನಿಂತುಹೋದರೆ ಶಾಖವನ್ನೋ ಗ್ರಾಫಿಕ್ಸ್ ಕಾರ್ಡನ್ನೋ ನೋಡಿ. ಒಂದೊಂದು ಸಲ ಒಂದೊಂದು ಕಾರಣ ಹೇಳುವ ನೀಲಿ ಪರದೆ ಬಂದರೆ ರ್‍ಯಾಮ್ ಪರೀಕ್ಷಿಸಿ. ಯಾವುದೇ ಕಾರಣ ಇರಲಿ, ಫೈಲ್ ಕಾಪಿ ಮಾಡಿಕೊಂಡ ಮೇಲೇ ಅದೆಲ್ಲ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ಇರುವವರು ಇನ್ನೂ ಹುಷಾರಾಗಿರಿ. ಅವು ಎಷ್ಟೋ ಸಲ ಯಾವ ಮುನ್ಸೂಚನೆಯೂ ಇಲ್ಲದೆ ಹೋಗುತ್ತವೆ, ಫಾರ್ಮ್ಯಾಟ್ ಆದರೆ ಅಳಿಸಿದ ಜಾಗವನ್ನು ಖಾಲಿ ಮಾಡಿಬಿಡುವ ಟ್ರಿಮ್ ಅನ್ನುವ ವ್ಯವಸ್ಥೆಯಿಂದಾಗಿ ಹಳೆಯ ಫೈಲ್ ಸಿಗುವುದು ಹೆಚ್ಚುಕಮ್ಮಿ ಅಸಾಧ್ಯ.

ಡಿಸ್ಕನ್ನು ಬೆಂಗಳೂರಿನ ಡೇಟಾ ರಿಕವರಿಯವರಿಗೆ ಕಳಿಸಿದೆ. 31ರಲ್ಲಿ 9 ಪದ ಪೂರ್ತಿ ಸಿಕ್ಕವು. ಹತ್ತನೆಯದರಲ್ಲಿ ಅಜ್ಜಿ ಗಂಟಲು ಸರಿಮಾಡಿಕೊಂಡು "ಈಗ ಹೇಳ್ಲೇನೋ?" ಅಂತ ಕೇಳುವುದಷ್ಟೇ ಇದೆ.

ಅಂಗಡಿಗೆ ಒಯ್ಯಲೇಬೇಕಾದರೆ 'ಡೇಟಾ ಅಳಿಸಬಾರದು, ಕೇಳದೆ ಫಾರ್ಮ್ಯಾಟ್ ಮಾಡಬಾರದು' ಅಂತ ರಸೀದಿಯ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಸಾಲದು, ಸಂಜೆಗೆ ಕೆಲಸ ಮಾಡುವ ಹುಡುಗ ಬೇರೆಯವನಿರಬಹುದು. ಡಿಸ್ಕ್ ಬದಲಾಯಿಸಿದರೆ ಹಳೆಯದನ್ನು ಕೇಳಿ ಮನೆಗೆ ತನ್ನಿ.