ಕಂಪನಿ ಸ್ಪೀಕರ್ ಜೊತೆಗೆ ಸಬ್‌ವೂಫರ್: ಸೀಟಿನ ಕೆಳಗೋ, ಡಿಕ್ಕಿಯಲ್ಲೋ?

ಒಳಗೇ ಆಂಪ್ (ಸಿಗ್ನಲ್‌ಗೆ ಬಲ ಕೊಡುವ ಆಂಪ್ಲಿಫೈಯರ್) ಇರುವ, ಸೀಟಿನ ಕೆಳಗೆ ಕೂರುವ ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ಸ್ಪೀಕರ್, ತಗೊಳ್ಳಿ. ಕಾರಿನ ಜೊತೆ ಬಂದ ಸ್ಟೀರಿಯೊ ಮತ್ತು ಬಾಗಿಲಿನ ಸ್ಪೀಕರ್‌ಗಳನ್ನು ಹಾಗೇ ಉಳಿಸಿಕೊಳ್ಳುವವರಿಗೆ ನಾನು ಹೇಳುವುದು ಇದೇ. ಡಿಕ್ಕಿಯಲ್ಲಿ ದೊಡ್ಡ ಬಾಕ್ಸ್, ಪಕ್ಕದಲ್ಲಿ ಬೇರೆ ಆಂಪ್ ಇಟ್ಟುಕೊಂಡು ಸಾಕಷ್ಟು ಕಾಲ ಕೇಳಿ, ಆಮೇಲೆ ಅದನ್ನು ಬಿಚ್ಚಿಸಿ ಇದಕ್ಕೆ ಬಂದವನು ನಾನು. ಮತ್ತೆ ಆ ಕಡೆ ಹೋಗುವ ಮನಸ್ಸಿಲ್ಲ.

ಮೊದಲು ಸ್ಪೀಕರ್ ವಿಷಯ, ಯಾಕಂದ್ರೆ ಎಲ್ಲರಿಗೂ ಇರುವ ಭಯ ಅದೇ. ಸಬ್ ಹಾಕಿದ ಮಾತ್ರಕ್ಕೆ ಕಂಪನಿ ಸ್ಪೀಕರ್ ಹಾಳಾಗುವುದಿಲ್ಲ. ಮಾಮೂಲಿ ಕಾರ್ ಸ್ಟೀರಿಯೊ ಒಂದೊಂದು ಚಾನೆಲ್‌ಗೆ ನಿಜವಾಗಿ ಕೊಡುವುದು 15-20 ವ್ಯಾಟ್ ಅಷ್ಟೇ. ಬೇಸ್ ಪೂರ್ತಿ ಏರಿಸಿ ವಾಲ್ಯೂಮನ್ನೂ ತಿರುಗಿಸಿದರೆ ಅದರ ಶಕ್ತಿ ಮುಗಿದು ದನಿ ಒಡೆಯುತ್ತದೆ. ಆಗ ಸ್ಪೀಕರ್‌ನ ಕಾಯಿಲ್ ಬಿಸಿಯಾಗುತ್ತದೆ, ಕೋನ್ ತನ್ನ ಮಿತಿ ಮೀರಿ ಓಡಾಡುತ್ತದೆ. ಹಾಳಾಗುವುದು ಹೀಗೆ. ಸಬ್ ಬಂದ ಮೇಲೆ ಆ ಭಾರವನ್ನು ಬಾಗಿಲಿನ ಸ್ಪೀಕರ್ ಮೇಲಿಂದ ಇಳಿಸಬೇಕು.

ಸ್ಟೀರಿಯೊದಲ್ಲೇ ಬೇಸ್ ಕಡಿಮೆ ಮಾಡಿದರೆ ಆಯ್ತಲ್ವಾ ಅನ್ನಿಸಬಹುದು. ಆದರೆ ಸಬ್‌ಗೆ ಸಿಗ್ನಲ್ ಹೋಗುವುದೂ ಅದೇ ಸ್ಪೀಕರ್ ವೈರ್‌ನಿಂದ, ಹಾಗಾಗಿ ಅಲ್ಲೂ ಬೇಸ್ ಇಳಿದುಬಿಡುತ್ತದೆ. ಇದಕ್ಕೆ ದಾರಿ ಕೆಪಾಸಿಟರ್. ಬಾಗಿಲಿನ ಪ್ಯಾನೆಲ್ ಬಿಚ್ಚಿ, ಸ್ಪೀಕರ್‌ಗೆ ಹೋಗುವ ಪ್ಲಸ್ ವೈರ್ ಕತ್ತರಿಸಿ, ಆ ಎರಡು ತುದಿಗಳ ನಡುವೆ ಒಂದು ನಾನ್-ಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ) ಕೆಪಾಸಿಟರ್ ಸೇರಿಸಬೇಕು. 4 ಓಮ್ ಸ್ಪೀಕರ್‌ಗೆ 400 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 100 ಹರ್ಟ್ಸ್‌ನಿಂದ ಕೆಳಗೆ ಬೇಸ್ ಇಳಿಯುತ್ತಾ ಹೋಗುತ್ತದೆ. ಸಬ್‌ಗೆ ಬೇಕಾದ ಸಿಗ್ನಲನ್ನು ಕೆಪಾಸಿಟರ್‌ಗಿಂತ ಮೊದಲೇ ತೆಗೆದುಕೊಳ್ಳಬೇಕು. ಯಾವ ಸಬ್ ಹಾಕಿದರೂ ಈ ಕೆಲಸ ತಪ್ಪಿಸಬೇಡಿ.

ತೀರಾ ಆಳದ ಬೇಸ್‌ನಲ್ಲಿ ಡಿಕ್ಕಿಯ ಬಾಕ್ಸ್ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೂ ಅದನ್ನು ತೆಗೆಸಿದ್ದು ಒಂದೇ ಒಂದು ಕಾರಣಕ್ಕೆ: ಆನ್-ಆಫ್ ರಗಳೆ. ಹೊರಗಿನಿಂದ ತಂದು ಹಾಕುವ ಸ್ಟೀರಿಯೊಗಳಲ್ಲಿ ಆಂಪನ್ನು ಎಬ್ಬಿಸಲು ರಿಮೋಟ್ ವೈರ್ ಅಂತ ಒಂದು ಇರುತ್ತದೆ. ನನ್ನ ಕಾರಿನ ಸ್ಟೀರಿಯೊದಲ್ಲಿ ಅದು ಇಲ್ಲ. ಹಾಗಾಗಿ ಸ್ಪೀಕರ್ ವೈರಿನ ಸಿಗ್ನಲನ್ನು ಆಂಪ್‌ಗೆ ಹೋಗುವ ಆರ್‌ಸಿಎ ಕೇಬಲ್‌ಗೆ ತಕ್ಕಂತೆ ಬದಲಾಯಿಸುವ ಕನ್ವರ್ಟರ್ ಹಾಕಿದರು. ಹಾಡು ಬರುತ್ತಿದೆಯಾ ಎಂದು ಅದು ನೋಡುತ್ತಿರುತ್ತದೆ. ಸದ್ದಿದ್ದರೆ ಆಂಪ್ ಆನ್, ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಆಫ್.

ನಾನು ಕೇಳುವುದು ಜಾಸ್ತಿ ಆಲಾಪ, ಅದೂ ಸಣ್ಣ ದನಿಯಲ್ಲಿ. ಮೆಲ್ಲಗೆ ಹಾಡುತ್ತಿರುವಾಗ ಕನ್ವರ್ಟರ್‌ಗೆ ಹಾಡು ನಿಂತಿತು ಅನ್ನಿಸಿ ಆಂಪ್ ಮಲಗಿಬಿಡುತ್ತಿತ್ತು. ತಬಲಾ ಶುರುವಾದಾಗ ಮೊದಲ ಒಂದೆರಡು ಪೆಟ್ಟು ಬಾಗಿಲಿನ ಸ್ಪೀಕರ್‌ನಲ್ಲಿ ಸಪ್ಪೆಯಾಗಿ ಟಕ್ ಟಕ್ ಅನ್ನುತ್ತಿದ್ದವು. ಆಮೇಲೆ ಹಿಂದಿನಿಂದ ದಬ್ ಎಂದು ಒಂದು ಸದ್ದು, ಅದಾದ ಮೇಲೆ ಬೇಸ್. ಫೋನ್ ಕರೆ ಮುಗಿಸಿ ಹಾಡಿಗೆ ವಾಪಸ್ ಬಂದಾಗಲೂ ಇದೇ ಕತೆ. ಕಾದು ಕಾದು ಆ ಸದ್ದು ಬರುವ ಜಾಗ ಗೊತ್ತಾಗಿಬಿಟ್ಟಿತ್ತು, ಹಾಡು ಕೇಳುವ ಖುಷಿಯೇ ಹೋಯಿತು.

ಫಿಟ್ ಮಾಡಿದವರು ಫ್ಯೂಸ್ ಬಾಕ್ಸ್‌ನ ಎಸಿಸಿ ಲೈನಿನಿಂದ (ಕೀ ತಿರುಗಿಸಿದಾಗ ಕರೆಂಟ್ ಬರುವ ಆಕ್ಸೆಸರಿ ಲೈನ್) ರಿಮೋಟ್ ಕೊಟ್ಟರು. ಮಲಗುವುದು ನಿಂತಿತು. ಆದರೆ ಇಂಜಿನ್ ಸ್ಟಾರ್ಟ್ ಮಾಡುವಾಗ ಆ ಲೈನ್ ಒಂದು ಕ್ಷಣ ಕಟ್ ಆಗುತ್ತದಲ್ಲ, ಆಗ ಆಂಪ್ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಪ್ರತಿ ಸಲ ಕೀ ತಿರುಗಿಸಿದಾಗಲೂ ದಬ್!

ನನ್ನ ಸೀಟಿನ ಕೆಳಗಿನ ಸಬ್ ಬೇರೆ ಥರ ಎಚ್ಚರಾಗುತ್ತದೆ. ಸ್ಟೀರಿಯೊ ಆನ್ ಆಗಿರುವಷ್ಟು ಹೊತ್ತೂ, ಹಾಡು ಇಲ್ಲದಿದ್ದರೂ, ಸ್ಪೀಕರ್ ವೈರ್‌ಗಳಲ್ಲಿ ಸುಮಾರು 6 ವೋಲ್ಟ್ ಡಿಸಿ ಇರುತ್ತದೆ. ಇದು ಅದನ್ನೇ ನೋಡುತ್ತದೆ. ಸ್ಟೀರಿಯೊ ಜೊತೆಗೇ ಏಳುತ್ತದೆ, ಅದರ ಜೊತೆಗೇ ಮಲಗುತ್ತದೆ. ನಡುವೆ ಎಷ್ಟು ಮೌನ ಇದ್ದರೂ ಅಲುಗುವುದಿಲ್ಲ. ಇದಕ್ಕೆ ಡಿಸಿ ಆಫ್‌ಸೆಟ್ ಸೆನ್ಸಿಂಗ್ ಅಂತಾರೆ, ಕೊಳ್ಳುವಾಗ ಅದು ಇದೆಯಾ ಎಂದೇ ಕೇಳಿ. ಸುಮ್ನೆ ಆಟೋ ಆನ್ ಅಂದರೆ ನಂಬಬೇಡಿ, ಅದು ಹಾಡು ನೋಡಿ ಏಳುವಂಥದ್ದೂ ಆಗಿರಬಹುದು.

ಆ 6 ವೋಲ್ಟ್ ಮೈನಸ್ ವೈರಿನಲ್ಲೂ ಇರುವುದರಿಂದ, ಸ್ಪೀಕರ್‌ನ ಮೈನಸ್ಸನ್ನು ಕಾರಿನ ಬಾಡಿಗೆ ಮುಟ್ಟಿಸಲೇಬಾರದು. ಸ್ಟೀರಿಯೊದ ಔಟ್‌ಪುಟ್ ಸುಟ್ಟುಹೋಗಬಹುದು.

ವೈರಿಂಗ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಪವರ್ ನೇರ ಬ್ಯಾಟರಿಯಿಂದ, ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್, ಅರ್ಥಿಂಗ್ ಕೊಡುವ ಜಾಗದಲ್ಲಿ ಬಣ್ಣ ಉಜ್ಜಿ ಬರಿ ಲೋಹ ಕಾಣಿಸಬೇಕು. ಸಬ್‌ಗೆ ಕೆಳಗಿನ ದನಿ ಮಾತ್ರ ಬಿಡುವ ಲೋ-ಪಾಸನ್ನು 80 ಹರ್ಟ್ಸ್‌ಗೆ ಇಟ್ಟು ಶುರು ಮಾಡಿ.

ಆಂಪ್ ಇಲ್ಲದ ಸಬ್ಬನ್ನು ನೇರ ಸ್ಪೀಕರ್ ವೈರ್‌ಗೇ ಜೋಡಿಸುವ ಮೂರನೇ ದಾರಿ ಬೇಡವೇ ಬೇಡ. 4 ಓಮ್ ಪಕ್ಕದಲ್ಲಿ ಇನ್ನೊಂದು 4 ಓಮ್ ಸೇರಿದರೆ ಸ್ಟೀರಿಯೊಗೆ ಕಾಣುವುದು 2 ಓಮ್. ಓಮ್ ಇಳಿದಷ್ಟೂ ಕರೆಂಟಿನ ಎಳೆತ ಜಾಸ್ತಿ, ಅಷ್ಟು ಎಳೆತ ಅದು ತಡೆಯುವುದಿಲ್ಲ.

ದುಡ್ಡಿನ ಲೆಕ್ಕದಲ್ಲೂ ನನಗೆ ಸೀಟಿನ ಕೆಳಗಿನದೇ ಸರಿಹೋಯಿತು. ಅಲ್ಲಿ ಸಬ್, ಬಾಕ್ಸ್, ಆಂಪ್, ಕನ್ವರ್ಟರ್ ಎಲ್ಲಕ್ಕೂ ಬೇರೆ ಬೇರೆ ಖರ್ಚು. ಇಲ್ಲಿ ಒಂದೇ ಪೆಟ್ಟಿಗೆ, ಡಿಕ್ಕಿಯೂ ಪೂರ್ತಿ ಖಾಲಿ. ಎದೆ ನಡುಗುವ ಬೇಸ್ ಬೇಕು, ಸಾಮಾನು ಹಾಕುವ ಗೋಜಿಲ್ಲ ಅನ್ನುವವರು ಬಾಕ್ಸನ್ನೇ ತಗೊಳ್ಳಲಿ. ಸೀಟಿನ ಕೆಳಗಿನದು ಕೊಳ್ಳುವವರು ಮೊದಲು ಸೀಟನ್ನು ಪೂರ್ತಿ ಕೆಳಕ್ಕಿಳಿಸಿ, ಹಿಂದಕ್ಕೂ ಮುಂದಕ್ಕೂ ಸರಿಸಿ ಅಡಿಯ ಜಾಗ ಅಳೆಯಿರಿ. ಹಿಂದಿನ ಸೀಟಿಗೆ ಹೋಗುವ ಎಸಿ ಗಾಳಿಯ ಕೊಳವೆ ಅಲ್ಲೇ ಇದ್ದರೆ ಸಬ್ ಕೂರುವುದಿಲ್ಲ.